ಒರೆಸಿದ ತಿರುಪು

ಬೆಳಿಗ್ಗೆ ಒಂಬತ್ತಕ್ಕೆ ಔಷಧಿ ಅಂಗಡಿಯವನು ಠಾಣೆಗೆ ಬಂದು ದೂರು ಕೊಟ್ಟ. ತಿರುವಿನಲ್ಲಿ ಬಸ್ಸು ಅಂಗಡಿಗೆ ನುಗ್ಗಿ ಅವನ ಅಣ್ಣನ ಕಾಲು ಮುರಿದಿತ್ತು. ಅಜಾಗರೂಕ ಚಾಲನೆ ಎಂದು ಚಾಲಕಿಯ ಮೇಲೆ ಎಫ್‌ಐಆರ್ ದಾಖಲಾಯಿತು. ಕೆಲಸಕ್ಕೆ ಸೇರಿ ಎರಡು ತಿಂಗಳಾಗದ ಹುಡುಗಿ. ಕೇಸು ಸಾಬೀತಾದರೆ ಲೈಸೆನ್ಸೂ ಹೋಯಿತು, ಜೈಲೂ ಬಂತು.

"ಸ್ಟೇರಿಂಗ್ ಲಾಕ್ ಆಯ್ತಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ ಸರ್. ಮೊದಲು ಗೊಂಯ್ ಅಂತ ಸದ್ದು. ಆಮೇಲೆ ತಿರುಗಿಸಿದ್ರೆ ಬಂಡೆ ತಳ್ಳಿದ ಹಾಗೆ. ನನ್ನ ತೋಳಿನ ಬಲ ಸಾಲಲಿಲ್ಲ."

ಕುಣಿಯಲಾರದವಳಿಗೆ ನೆಲ ಡೊಂಕು ಎಂದುಕೊಂಡರು ಅವರು. ಆದರೆ ಸುಳ್ಳು ಹೇಳುವವಳಾದರೆ ಲಾಕ್ ಆಯ್ತು ಎಂದೇ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆ ಮಾತು ತಲೆಯಲ್ಲಿ ಕೊರೆಯತೊಡಗಿತು.

ಹನ್ನೊಂದಕ್ಕೆ ತಿರುವಿನಲ್ಲಿ ಬಸ್ಸಿನ ಪಂಚನಾಮೆ. ಡಿಪೋ ಮೇಸ್ತ್ರಿ ಬಾನೆಟ್ ಎತ್ತಿದ.

"ಇಂಜಿನ್ ಬೆಲ್ಟು ಈ ಪಂಪನ್ನ ತಿರುಗಿಸುತ್ತೆ ಸರ್. ಪಂಪು ಎಣ್ಣೇನ ಸ್ಟೇರಿಂಗ್ ಬಾಕ್ಸಿಗೆ ನೂಕುತ್ತೆ. ನಾವು ಯಾವ ಕಡೆ ತಿರುಗಿಸ್ತೀವೋ ಆ ಕಡೆಗೆ ಎಣ್ಣೆ ಒಳಗಿನ ಪಿಸ್ಟನ್ನ ಒತ್ತುತ್ತೆ, ಆಮೇಲೆ ಈ ಪೈಪಲ್ಲಿ ಡಬ್ಬಿಗೆ ವಾಪಸ್. ಎಣ್ಣೆ ಇಲ್ಲ ಅಂದ್ರೆ ಪಂಪು ಗಾಳಿ ಎಳ್ಕೊಂಡು ಅರಚುತ್ತೆ. ಭಾರವೆಲ್ಲ ಡ್ರೈವರ್ ತೋಳಿಗೆ."

ಡಬ್ಬಿ ಖಾಲಿ. ವಾಪಸ್ ಪೈಪಿನ ಕ್ಲಿಪ್ ಸಡಿಲ. ಅದರಡಿ ಕೆಂಪೆಣ್ಣೆ ಇಳಿದಿತ್ತು. ಸುತ್ತಲೂ ಮಸಿ, ಕ್ಲಿಪ್ಪಿನ ಮೇಲಿನ ತಿರುಪನ್ನು ಮಾತ್ರ ಯಾರೋ ಒರೆಸಿದ್ದರು. ಇನ್‌ಸ್ಪೆಕ್ಟರ್ ಮೇಸ್ತ್ರಿಯನ್ನೇ ದುರುಗುಟ್ಟಿ ನೋಡಿದರು.

"ಒರೆಸೋಕೆ ನಮಗೆಲ್ಲಿ ಪುರಸೊತ್ತು ಸರ್?" ಅವನು ಮೊಣಕೈವರೆಗೂ ಕಪ್ಪಾಗಿದ್ದ ಕೈಗಳನ್ನು ಚಾಚಿದ.

ಮಧ್ಯಾಹ್ನ ಹುಡುಗಿಯ ಸೋದರಮಾವ ತಾನಾಗಿಯೇ ಠಾಣೆಗೆ ಬಂದ. ಮೊದಲು ಅದೇ ಮಾರ್ಗದ ಡ್ರೈವರ್, ಈಗ ಡಿಪೋ ಗೇಟಿನ ಕಾವಲು.

"ಅವಳನ್ನ ಬಿಟ್ಬಿಡಿ ಸರ್. ಅವಳಿಗೆ ಓಡಿಸೋದು ಕಲಿಸಿದ್ದೇ ನಾನು."

ಕಾನ್‌ಸ್ಟೇಬಲ್ ನೀರಿಟ್ಟ. ಮೇಜಿನ ಮೇಲೆ ಎರಡು ಹನಿ ಚೆಲ್ಲಿತು. ಮಾವ ಜೇಬಿನಿಂದ ಬಟ್ಟೆ ತೆಗೆದು ಒರೆಸಿ, ನಾಲ್ಕು ಮಡಿಕೆ ಮಾಡಿದ. ಹಳೆಯ ಡ್ರೈವರುಗಳಿಗೆ ಅದು ಹುಟ್ಟುಗುಣದಂತೆ.

"ಆ ಬಟ್ಟೆ ಕೊಡಿ," ಎಂದರು ಇನ್‌ಸ್ಪೆಕ್ಟರ್.

ಮಡಿಕೆ ಬಿಚ್ಚಿದರೆ ಒಳಗೆ ಕೆಂಪು ಕಲೆ.

"ಇಂಜಿನ್ ಎಣ್ಣೆ ಕಪ್ಪು. ಇದು ಸ್ಟೇರಿಂಗಿಂದು. ಗೇಟ್ ಕಾಯೋರಿಗೆ ಎಲ್ಲಿಂದ ಬಂತು?"

ಮಾವ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಹಳೇ ಬಸ್ಸಿಗೆ ಈ ಎಣ್ಣೆ ಇರಲಿಲ್ಲ ಸರ್. ತೋಳಲ್ಲಿ ಬಲ ಇದ್ದೋನೇ ಡ್ರೈವರ್. ಹೊಸದು ಬಂತು, ನನ್ನನ್ನ ಗೇಟಿಗೆ ಹಾಕಿ ಅವಳ ಕೈಗೆ ಕೊಟ್ರು. ಕ್ಲಿಪ್ ಸಡಿಲ ಮಾಡಿದ್ರೆ ಡಿಪೋ ಅಂಗಳ ದಾಟೋಷ್ಟರಲ್ಲಿ ಭಾರ ಆಗುತ್ತೆ, 'ಮಾವ, ನೀವೇ ಬನ್ನಿ' ಅಂತ ಕರೀತಾಳೆ ಅಂದ್ಕೊಂಡೆ. ಎಣ್ಣೆ ಆ ತಿರುವಿನ ತನಕ ಬಂದ್ಬಿಡ್ತು."

ಬಟ್ಟೆಯನ್ನು ಜಪ್ತಿ ಮಾಡಿ ಆತನನ್ನು ಬಂಧಿಸಲಾಯಿತು. ಹುಡುಗಿಯ ಮೇಲಿನ ಆರೋಪ ಕೈಬಿಡುವಂತೆ ಇನ್‌ಸ್ಪೆಕ್ಟರ್ ವರದಿ ಬರೆದರು. ಅವರಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ.

ಹೊರಗಿನ ಬೆಂಚಿನಲ್ಲಿ ಅವಳು ಊದಿದ ತೋಳು ನೀವಿಕೊಳ್ಳುತ್ತ ಕುಳಿತಿದ್ದಳು. ಅವಳಿಗಿನ್ನೂ ಯಾರೂ ಏನೂ ಹೇಳಿರಲಿಲ್ಲ. ಮಾವನನ್ನು ಕಂಡು ಎದ್ದು ನಿಂತಳು.

"ನೀವು ಹೇಳ್ಕೊಟ್ಟ ಹಾಗೇ ಎರಡೂ ಕೈಲಿ ಎಳ್ದೆ ಮಾವ. ಕೊನೇ ತನಕ ಬಿಡಲಿಲ್ಲ."

ಆತನ ಕಣ್ಣು ತುಂಬಿತು. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಜೇಬು ಖಾಲಿಯಿತ್ತು.