ಆಯಿಯ ಮೇಣದ ಬಿಲ್ಲೆ

"ಇಲ್ಲೇ ಟ್ರಂಕಿನ ಮ್ಯಾಲ ಇಟ್ಟಿದ್ದೆ. ಯಾರು ತಗದ್ರಿ?"

ಅಪ್ಪ ಧೂಳಪ್ಪ ಟ್ರಂಕಿನ ಮೇಲಿದ್ದ ಕೌದಿ, ಪುಸ್ತಕ ಎಲ್ಲವನ್ನೂ ಕೆಳಗೆ ಎಳೆದು ಹಾಕಿದ. ಆಸ್ಪತ್ರೆಯ ಕಾಗದ ಸಿಕ್ಕಿತು. ಅದರ ಜೊತೆಗಿದ್ದ ಪುಟ್ಟ ಡಬ್ಬಿ ಇರಲಿಲ್ಲ. ಆಲಮೇಲದಿಂದ ಸೊಲ್ಲಾಪುರಕ್ಕೆ ಹೋಗುವ ಬಸ್ಸಿಗೆ ಇನ್ನು ಅರ್ಧ ತಾಸು ಅಷ್ಟೇ.

ಸುರೇಖಾ ಬಾಗಿಲ ಹಿಂದೆ ನಿಂತು ಜಡೆಯ ತುದಿ ಕಚ್ಚುತ್ತಿದ್ದಳು. ಡಬ್ಬಿ ಎಲ್ಲಿದೆ ಅಂತ ಅವಳಿಗೆ ಗೊತ್ತು.

ಆ ಡಬ್ಬಿಯಲ್ಲಿ ಇದ್ದದ್ದು ಆಯಿಯದೇ ಒಂದು ಚೂರು. ಆಯಿ ಅಂದರೆ ಅಪ್ಪನ ತಾಯಿ, ಗುರವ್ವ. ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಆಯಿಗೆ ಮತ್ತೆ ರಕ್ತ ಹೋಗತೊಡಗಿತ್ತು. ತೋರಿಸಿದರೆ ಗರ್ಭಕೋಶದ ಕ್ಯಾನ್ಸರ್ ಅಂದರು. ಹೋದ ತಿಂಗಳು ವಿಜಯಪುರದಲ್ಲಿ ಆಪರೇಷನ್ ಮಾಡಿ ಗರ್ಭಕೋಶ ತೆಗೆದರು. ಗಡ್ಡೆಯ ಒಂದು ಚೂರನ್ನು ಮೇಣದಲ್ಲಿ ಕೂಡಿಸಿ, ಬೆಂಕಿಪೆಟ್ಟಿಗೆಗಿಂತ ಸಣ್ಣ ಬಿಲ್ಲೆ ಮಾಡಿ ಕೊಟ್ಟಿದ್ದರು.

"ಎಲ್ಲಾರ ಗಡ್ಡಿ ಒಂದ ನಮೂನಿ ಇರಂಗಿಲ್ರಿ," ಅಂದಿದ್ದರು ಡಾಕ್ಟರ್ ಮೇಡಂ. "ಸೊಲ್ಲಾಪುರದಾಗ ಇದರ ಜೀನ್ ಟೆಸ್ಟ್ ಮಾಡಿಸ್ರಿ. ಆಪರೇಷನ್ ಒಂದ ಸಾಕೋ, ಕರೆಂಟ್ ಕೊಡಬೇಕೋ, ಕಿಮೋನೂ ಬೇಕೋ, ಅದನ್ನೂ ನೋಡಿ ಹೇಳ್ತೇನಿ."

ಕರೆಂಟ್ ಅಂದರೆ ರೇಡಿಯೇಷನ್. ಆ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ.

"ಅವ್ವಾ, ನೀ ಏನರ ಬಚ್ಚಿಟ್ಟೀಯೇನು?" ಅಪ್ಪ ಆಯಿಯ ಕಡೆ ತಿರುಗಿದ. "ಟೆಸ್ಟ್ ಬ್ಯಾಡ ಅಂತ ನಿನ್ನೆಯಿಂದ ಹಟಾ ಹಿಡದೀ."

"ರೊಕ್ಕ ದಂಡ ಅಂತ ಬ್ಯಾಡ ಅಂದೇನಿ, ಖರೇ. ಬಚ್ಚಿಡಾಕ ನಾ ಏನ ಸಣ್ಣ ಹುಡಿಗೇನೋ?" ಆಯಿಯ ಮುಖ ಚಿಕ್ಕದಾಯಿತು. ಅವಳು ಗೋಡೆ ಕಡೆ ಹೊರಳಿ ಮಲಗಿದಳು.

ಸುರೇಖಾಳಿಗೆ ತಡೆಯಲಾಗಲಿಲ್ಲ.

"ಆಯಿ ಅಲ್ಲಪಾ, ನಾ ಇಟ್ಟೇನಿ. ಸಗೀರಾ ಚಾಚಿ ಮನಿ ಫ್ರಿಜ್ಜಿನ್ಯಾಗ."

"ಫ್ರಿಜ್ಜಿನ್ಯಾಗ? ಯಾಕ?"

"ಮ್ಯಾಲ ತಗಡಿನ ಪತ್ರಾಸ ಎಷ್ಟ ಕಾಯ್ತೈತಿ! ವಿದ್ಯಾವತಿ ಟೀಚರ್ ಚಮಚಾದಾಗ ಮೇಣ ಕಾಸಿ ತೋರ್ಸಿದ್ರು, ನೀರಾಗಿ ಹೋತು. ಇದೂ ಕರಗಿದ್ರ ಆಯಿದು ಟೆಸ್ಟ್ ಹೆಂಗ ಮಾಡ್ತಾರ?"

ಅಪ್ಪ ಆಸ್ಪತ್ರೆಯ ಕಾಗದ ಮಡಚಿ ಚೀಲಕ್ಕೆ ಹಾಕಿದ.

"ಅದು ಹಂಗ ಕರಗಂಗಿಲ್ಲ, ಹುಚ್ಚಿ. ಓಡು, ತಗೊಂಡ ಸ್ಟ್ಯಾಂಡಿಗೆ ಬಾ."

ಓಡಿದರೆ ಏನು ಬಂತು, ಪಕ್ಕದ ಮನೆಗೆ ಬೀಗ! ಚಾಚಿ ಆಗಲೇ ಅಂಗನವಾಡಿಗೆ ಹೋಗಿಯಾಗಿತ್ತು. ಸುರೇಖಾ ಅಲ್ಲಿಗೂ ಓಡಿದಳು. ದಾರಿಯಲ್ಲಿ ಒಂದು ಚಪ್ಪಲಿ ಕಿತ್ತುಹೋಯಿತು. ಚಾಚಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಳು.

"ಚಾಚೀ, ಲಗೂ ಕೀಲಿ ಕೊಡ್ರಿ! ನಿಮ್ಮ ಫ್ರಿಜ್ಜಿನ್ಯಾಗ ನಮ್ಮ ಆಯಿ ಅದಾಳ!"

"ಯಾ ಅಲ್ಲಾ!" ಚಾಚಿಯ ಕೈಯ ಸೌಟು ಪಾತ್ರೆಗೆ ಬಿತ್ತು. "ನಿನ್ನೆ ಕೊಟ್ಟೆಲ್ಲ, ಆ ಡಬ್ಬಿ ಏನ? ನಾ ಏನೋ ಔಷಧ ಅಂತ ತಿಳ್ಕೊಂಡಿದ್ದೆ! ಹಿಡಿ ಕೀಲಿ, ಓಡು!"

ಡಬ್ಬಿ ನಿಂಬೆಹಣ್ಣುಗಳ ಹಿಂದೆ ಇತ್ತು. ಸುರೇಖಾ ಮುಚ್ಚಳ ತೆಗೆದು ಇಣುಕಿದಳು. ಬಿಲ್ಲೆ ತಣ್ಣಗೆ, ಗಟ್ಟಿಯಾಗಿ ಇದ್ದ ಹಾಗೇ ಇತ್ತು. ಮುಚ್ಚಳ ಒತ್ತಿ ಮತ್ತೆ ಓಡಿದಳು.

ಅವಳು ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅಪ್ಪ ಬಸ್ಸಿನ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. ಡಬ್ಬಿ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಚ್ಚಿದ.

"ಆಯಿಗೆ ಹೇಳು, ಸಿಟ್ಟಿನ್ಯಾಗ ಅಂದೆ ಅಂತ. ನಾಷ್ಟಾ ಮಾಡಿಸು."

ಕಂಡಕ್ಟರ್ ಸೀಟಿ ಊದಿದ. ಅಪ್ಪ ಕೂತಿದ್ದ ಕಿಟಕಿಗೆ ಬಿಸಿಲು ನೇರ ಹೊಡೆಯುತ್ತಿತ್ತು. ಬಸ್ಸು ಅಲುಗಾಡುತ್ತಿದ್ದಂತೆ ಅವನು ಎದ್ದ. ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಜೇಬಿಗೆ ಅಡ್ಡ ಇಟ್ಟುಕೊಂಡು, ಆಚೆ ಬದಿ ನೆರಳಿದ್ದ ಸೀಟಿಗೆ ಹೋಗಿ ಕೂತ.

ಕರಗುವುದಿಲ್ಲ ಅಂತ ಹೇಳಿದವನೂ ಅವನೇ.

ಸುರೇಖಾ ಬಸ್ಸು ಮರೆಯಾಗುವ ತನಕ ನೋಡಿದಳು. ಅಪ್ಪ ಸೀಟು ಬದಲಿಸಿದ್ದನ್ನು ಆಯಿಗೆ ಮೊದಲು ಹೇಳಬೇಕು ಅಂದುಕೊಂಡು, ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಕಡೆ ನಡೆದಳು.