ಹೊಸ ಮನೆಯ ಜೋಡಿ ಹೋರಿ

ಬಸ್ಸಿಳಿದ ನೈದಾಳ ಕಣ್ಣು ಮೊದಲು ಹೋಗಿದ್ದೇ ರೋಮುಲೊನ ಹೊಸ ಹೆಂಚಿನ ಮನೆಯ ಮೇಲಕ್ಕೆ. ಮಾಡಿನ ನೆತ್ತಿಯಲ್ಲಿ ಎರಡು ಮಣ್ಣಿನ ಹೋರಿ, ಅಕ್ಕಪಕ್ಕ!

ಅವರ ಊರು ಪಾತಾಪಂಪದಲ್ಲಿ ಮದುವೆಯಾದವರ ಮನೆಗಷ್ಟೇ ಕಾವಲಿಗೆ ಜೋಡಿ ಹೋರಿ ಏರಿಸೋದು. ಅಂದರೆ... ಅವನ ಮದುವೆ ಆಗಿಹೋಯಿತಾ?

ಅಂಗಳದಲ್ಲಿ ಅವನೇ. ಪ್ಯಾಂಟು ಮೊಣಕಾಲಿಗೆ ಮಡಚಿ ಕುಂಬಾರಿಕೆಯ ಮಣ್ಣು ತುಳಿಯುತ್ತಿದ್ದ. ಅವಳನ್ನು ಕಂಡವನ ಕಾಲು ಅಲ್ಲೇ ನಿಂತಿತು.

“ಯಾವಾಗ ಬಂದೆ?”

“ಈಗ. ಇದೇ ಬಸ್ಸಿಗೆ ಕುಸ್ಕೊಗೆ ವಾಪಸ್.”

ನಿಜ ಹೇಳಬೇಕೆಂದರೆ, ವಾಪಸ್ ಹೋಗುವ ಯೋಚನೆ ಹುಟ್ಟಿದ್ದೇ ಹೋರಿ ಕಂಡಮೇಲೆ. ಆದರೆ ಬಿಗುಮಾನ ಬಿಡಬೇಕಲ್ಲ!

ಮಡಕೆ ಸುಡುವ ಗೂಡಿನಿಂದ ನೀಲಗಿರಿ ಸೌದೆಯ ಹೊಗೆ ಬಂತು. ಅದೇ ಹಳೆಯ ವಾಸನೆ... ಚಿಕ್ಕಂದಿನಲ್ಲಿ ಅವನು ಹೋರಿ ಮಾಡಿದರೆ ಇವಳು ಕಣ್ಣು ಬರೆಯುತ್ತಿದ್ದಳು. ಮೆಳ್ಳಗಣ್ಣು ಬರೆದಳೆಂದು ಅವನು ಊರಿಗೆಲ್ಲ ತೋರಿಸಿ ನಗುತ್ತಿದ್ದ. ಆಮೇಲೊಂದು ದಿನ, “ಮಣ್ಣು ಮೆತ್ತಿಕೊಂಡು ಬದುಕೋಕೆ ನನ್ನಿಂದಾಗಲ್ಲ” ಎಂದು ಕುಸ್ಕೊ ಪಟ್ಟಣದ ಅಂಗಡಿ ಕೆಲಸಕ್ಕೆ ಹೊರಟುಹೋದವಳೂ ಇವಳೇ. ಯಾಕೆ ಹಾಗಂದೆನೋ ಎಂದು ಅಲ್ಲಿ ಕೂತು ಅತ್ತಿದ್ದಕ್ಕೆ ಲೆಕ್ಕವಿಲ್ಲ.

“ಎಲ್ಲಿ ನಿನ್ನ ಹೆಂಡತಿ? ಮುಖ ನೋಡಿಯಾದ್ರೂ ಹೋಗ್ತೀನಿ.”

“ಯಾವ ಹೆಂಡತಿ?”

“ನಾಟಕ ಬೇಡ. ಮೇಲೆ ಜೋಡಿ ಕೂತಿದೆ, ನಾನೇನು ಕುರುಡಿಯಾ?”

ರೋಮುಲೊ ಮೇಲೆ ನೋಡಿದ. ಕೆಸರುಗೈಯಲ್ಲೇ ತಲೆ ಕೆರೆದುಕೊಂಡ.

“ಹೆಂಚು ಹೊದಿಸಿದ ದಿನ ಹಿರಿಯರು ‘ಒಂಟಿಗೆ ಒಂದೇ ಸಾಕು’ ಅಂದ್ರು. ನಾನು ಎರಡಿಡಿ ಅಂದೆ. ‘ಹೆಣ್ಣೆಲ್ಲಿ’ ಅಂತ ಕೇಳಿದ್ರು. ನೈದಾ ಬರ್ತಾಳೆ ಅಂದೆ.” ಅವನ ದನಿ ಸಣ್ಣಗಾಯಿತು. “ಊರೇ ನಕ್ಕಿತು. ನನ್ನ ಧರ್ಮತಾಯಿ ಹಿಲಾರಿಯಾ ಅಂತೂ, ‘ಬಾರದವಳಿಗೆ ಹೋರಿ ಕಾವಲಿಡ್ತೀಯೇನೋ ಹುಚ್ಚಪ್ಪ’ ಅಂದ್ಲು.”

ನೈದಾ ಕೈಚೀಲ ನೆಲಕ್ಕಿಟ್ಟಳು.

“ಒಂದು ಮಾತು ಹೇಳಿ ಕಳಿಸಬಾರದಿತ್ತಾ?”

“ಕರೆದ್ರು ಅಂತ ಬರೋದು ಬೇರೆ, ಬೇಕು ಅಂತ ಬರೋದು ಬೇರೆ.”

“ಬೇಕು ಅಂತಲೇ ಬಂದೆ ಕಣೋ. ನೀನಿಲ್ಲದೆ ಅಲ್ಲಿ ನೆಮ್ಮದಿಯಾಗಿ ಒಂದು ತುತ್ತು ಇಳಿದಿಲ್ಲ...”

ಹೇಳಿದ್ದೇ ತಡ, ತಡೆದಿಟ್ಟ ಕಣ್ಣೀರೆಲ್ಲ ಹರಿಯಿತು. ಅವನೂ ತೋಳಿನಿಂದ ಮುಖ ಒರೆಸಿಕೊಂಡ. ತಿರುವಿನಲ್ಲಿ ಹಾರ್ನ್ ಕೇಳಿತು.

“ಬಸ್ಸು ಹೊರಡ್ತಿದೆ ನೈದಾ.”

“ಹೊರಡಲಿ.”

ಅವಳು ಶೂ ಕಳಚಿ, ಲಂಗ ಎತ್ತಿ ಸಿಕ್ಕಿಸಿ, ಹಸಿಮಣ್ಣಿಗೆ ಕಾಲಿಟ್ಟಳು. ತಣ್ಣಗೆ, ಮೆತ್ತಗೆ, ಮಣ್ಣು ಹಿಮ್ಮಡಿ ಮುಚ್ಚಿತು.

“ಜೋಪಾನ, ಜಾರುತ್ತೆ.”

“ಜಾರುತ್ತೆ ಅಂತ ನೋಡ್ತಾ ನಿಂತ್ರೆ ಆಯ್ತಾ? ಕೈ ಹಿಡ್ಕೋ.”