ಎರಡನೆಯ ಚೀಲ

"ಹ್ವಾಯ್, ನೀವ್ ಕೆಳ್ಗೆ ಇಳಿಕ್. ತೂಗುಕೆ ತಂದದ್ದ್ ಕಾರನ್ನ, ನಿಮ್ಮನ್ನಲ್ಲ."

ಹಾಗೆಂದವಳು ಪ್ರಫುಲ್ಲಾ. ಬ್ರಹ್ಮಾವರದ ಅಕ್ಕಿ ಮಿಲ್ಲಿನ ಅಂಗಳದಲ್ಲಿ, ಎತ್ತಿನ ಗಾಡಿ ತೂಗುವ ಕಾಟಾದ ಪಕ್ಕ, ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು. ಕಾಟಾದ ಮೇಲೆ ಒಂದು ಹಳೆಯ ನೀಲಿ ಹೆರಾಲ್ಡ್ ಕಾರು. ಅದರ ಕಿಟಕಿಯಿಂದ ತಲೆಯೊಂದು ಹೊರಗೆ ಬಂತು.

"ಇಳಿತೆ ಟೀಚರ್ರೇ. ಆದ್ರೆ ರೇಸಿನ್ ದಿನ ಕಾರ್ ನಾನಿಲ್ದೆ ಓಡುಕಿಲ್ಲೆ ಅಲ್ದಾ?"

"ಎಲ್ಲಾ ಕಾರಿಗೂ ಡ್ರೈವರ್ ಇರ್ತ. ನಿಮ್ದೊಂದ್ ಎಂತ ವಿಶೇಷ?"

"ಅದನ್ನ ನೀವೇ ಕಂಡ್ ಹೇಳ್ಕ್."

ಅವನು ನಗುತ್ತಾ ಇಳಿದ. ಎತ್ತರದ ಆಳು, ಉಪ್ಪುಗಾಳಿಗೆ ಕೆಂಚಗಾದ ಕೂದಲು. ಪ್ರಫುಲ್ಲಾ ಕಾಟಾದ ಮುಳ್ಳನ್ನು ನೋಡಿದಳು. ಮತ್ತೊಮ್ಮೆ ನೋಡಿದಳು. ಓದಿದ ಅಂಕಿ ಬರೆಯುವಷ್ಟರಲ್ಲಿ ಮರೆತುಹೋಗಿ ಮೂರನೆಯ ಸಲ ನೋಡಬೇಕಾಯಿತು. ಕುಂದಾಪುರದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವಳಿಗೆ ಹಾಗಾಗಿದ್ದು ಅದೇ ಮೊದಲು.

ಅವನ ಹೆಸರು ಲೀಲಾಧರ. ಮರವಂತೆಯ ಮೀನು ವ್ಯಾಪಾರದ ಮನೆಯವನು. ಬೊಂಬಾಯಿಯಲ್ಲಿ ಕೆಲವು ವರ್ಷ ಟ್ಯಾಕ್ಸಿ ಓಡಿಸಿ, ಒಬ್ಬ ಪಾರ್ಸಿ ಮುದುಕ ಮೂಲೆಗೆ ತಳ್ಳಿದ್ದ ಈ ಹೆರಾಲ್ಡನ್ನು ಕೊಂಡು, ಅದನ್ನೇ ಓಡಿಸಿಕೊಂಡು ಊರಿಗೆ ಬಂದಿದ್ದ.

ಕಾರುಗಳನ್ನು ತೂಗುವ ಈ ಸಂಭ್ರಮಕ್ಕೆಲ್ಲ ಕಾರಣ ಮಿಲ್ಲಿನ ಯಜಮಾನರು, ಪ್ರಫುಲ್ಲಾಳ ಸೋದರಮಾವ ಉಮಾನಾಥ ಹೆಗ್ಡೆಯವರು. ಮದರಾಸಿನಲ್ಲಿ ಒಮ್ಮೆ ಕಾರ್ ರೇಸ್ ನೋಡಿ ಬಂದ ಮೇಲೆ ಅವರಿಗೆ ಊಟ ನಿದ್ದೆಯಲ್ಲೂ ಅದೇ ಧ್ಯಾನ. ಮರವಂತೆಯ ಕಡೆ ಸಮುದ್ರಕ್ಕೂ ಹೊಳೆಗೂ ನಡುವೆ ಹೊಸದಾಗಿ ಡಾಂಬರು ಹಾಕಿದ ರಸ್ತೆ ಸಿದ್ಧವಾಗಿತ್ತು. ಮುಂದಿನ ಸೇತುವೆ ಮುಗಿಯದೆ, ಹಳೆಯ ದಾರಿಯಲ್ಲಿ ಓಡುವ ಬಸ್ಸುಗಳು ಇನ್ನೂ ಅತ್ತ ತಿರುಗಿರಲಿಲ್ಲ. ಹೆಗ್ಡೆಯವರು ಒಂದು ಮೋಟಾರ್ ಕ್ಲಬ್ ಕಟ್ಟಿದರು, ಆ ರಸ್ತೆಯನ್ನು ಒಂದು ಭಾನುವಾರಕ್ಕೆ ಕೇಳಿ ಪಡೆದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಆರು ಗಂಟೆಗಳ ಓಟ. ಎರಡೂ ತುದಿಯಲ್ಲಿ ಒಂದೊಂದು ಡಾಂಬರಿನ ಡ್ರಮ್ಮು, ಅದನ್ನು ಸುತ್ತಿ ಮತ್ತೆ ವಾಪಸು. ಹೆಚ್ಚು ಸುತ್ತು ಹೊಡೆದವರಿಗೆ ಬಹುಮಾನದ ಕಪ್ಪು. ಅದು ಅರವತ್ತೆಂಟನೆಯ ಇಸವಿ.

ತೊಡಕು ಇದ್ದದ್ದು ಕಪ್ಪು ಒಂದೇ ಎಂಬುದರಲ್ಲಿ. ಬೊಂಬಾಯಿಯ ಒಂದು ಕಾರು ಕಂಪೆನಿ ತನ್ನದೇ ಡ್ರೈವರುಗಳ ಜೊತೆ ಮೂರು ಹೊಸ ಕಾರು ಕಳಿಸಲು ಒಪ್ಪಿತ್ತು. ಊರಿನವರದು ಹಳೆಯ ಅಂಬಾಸಿಡರು, ಫಿಯೆಟ್ಟು. ದೊಡ್ಡ ಎಂಜಿನ್ನು ನೇರ ರಸ್ತೆಯಲ್ಲಿ ಹಾರುತ್ತದೆ. ಹೆರಾಲ್ಡಿನಂಥ ಹಗುರ ಕಾರು ಡ್ರಮ್ಮನ್ನು ಒಂದೇ ಏಟಿಗೆ ಸುತ್ತಿ ಬರುತ್ತದೆ. ಕಂಪೆನಿಯೇ ಗೆಲ್ಲುವುದು ಖಾತ್ರಿಯಾದರೆ ಊರಿನವರು ಬರುವುದಿಲ್ಲ. ಊರಿನವರಿಗೆ ಸಲೀಸು ಮಾಡಿದರೆ ಕಂಪೆನಿ ಬರುವುದಿಲ್ಲ.

"ಎಲ್ಲರಿಗೂ ಗೆಲ್ಲುಕ್ ಒಂದೇ ನಮೂನಿ ದಾರಿ ಇರ್ಕ್ ಹೆಣೆ," ಎಂದರು ಮಾವ. "ಅದ್ ನಿನ್ನ ಕೆಲ್ಸ. ಕ್ಲಬ್ಬಿನವ್ರೆಲ್ಲ ಒಪ್ಪಿರ್."

ಹಾಗೆ ಪ್ರಫುಲ್ಲಾ ಕಾರುಗಳನ್ನು ಸರಿದೂಗಿಸತೊಡಗಿದಳು. ಭಾರದ ಹಳೆಯ ಕಾರಿಗೆ ಒಂದೆರಡು ಸುತ್ತಿನ ರಿಯಾಯಿತಿ, ಹಗುರ ಕಾರಿಗೆ ಹಿಂದಿನ ಸೀಟಿನಲ್ಲಿ ಮರಳಿನ ಚೀಲ. ಯಾರಿಗೆ ಎಷ್ಟು ಎಂಬುದನ್ನು ಓಡಿಸಿ ನೋಡಿಯೇ ತೀರ್ಮಾನಿಸಬೇಕು. ಶಾಲೆ ಬಿಟ್ಟ ಮೇಲೆ ಅವಳು ಮರವಂತೆಗೆ ಹೋಗಿ, ಸ್ಟಾಪ್‌ವಾಚ್ ಹಿಡಿದು ಡ್ರಮ್ಮಿನ ಪಕ್ಕ ನಿಲ್ಲುವಳು.

ಮೊದಲ ವಾರ ಎಲ್ಲರೂ ಬರುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಕಡಿಮೆಯಾಗಿ, ದಿನವೂ ತಪ್ಪದೆ ಬರುವವನು ಲೀಲಾಧರ ಒಬ್ಬನೇ ಆದ.

"ನಿಮ್ ಲೆಕ್ಕ ಮೊನ್ನೆಯೇ ಮುಗ್ದಿತ್ತಲ್ದಾ?" ಎಂದಳು ಒಂದು ಸಂಜೆ.

"ನಂದ್ ಮುಗೀಲಿಲ್ಲೆ." ಅವನು ಬಾನೆಟ್ ಮೇಲೆ ಇಟ್ಟಿದ್ದ ಎಳನೀರಿನ ಬೊಂಡದ ತುದಿ ಕೆತ್ತಿ ಅವಳ ಕೈಗಿತ್ತ. "ಗಾಳಿಗೆ ನಿಮ್ ಕೂದ್ಲ್ ಬಿಚ್ಚಿ ಹೋತ್ತ್, ಒಂದ್ ಕೈಯಲ್ಲಿ ವಾಚ್, ಒಂದ್ ಕೈಯಲ್ಲಿ ಕೂದ್ಲ್. ಕಾಂಬುಕೆ ಚಂದ. ಅದ್ಕೇ ಬಪ್ಪುದ್."

"ಡ್ರಮ್ ಕಾಣಿ, ಡ್ರಮ್. ಇಲ್ದಿದ್ರೆ ಹೊಳಿಗ್ ಬೀಳ್ತ್ರಿ."

"ಬಿದ್ದ್ ಆಯ್ತಲ್ಲ."

ಪ್ರಫುಲ್ಲಾ ಬೊಂಡವನ್ನು ಮುಖಕ್ಕೆ ಅಡ್ಡ ಹಿಡಿದು ಕುಡಿದಳು. ಕುಡಿದು ಮುಗಿದ ಮೇಲೂ ಸ್ವಲ್ಪ ಹೊತ್ತು ಕೆಳಗಿಳಿಸಲಿಲ್ಲ.

ಇಪ್ಪತ್ತಾರು ದಾಟಿದ ಅವಳಿಗೆ ಬಂದ ಸಂಬಂಧಗಳೆಲ್ಲ ಜಮೀನಿನ ವಿಸ್ತೀರ್ಣ ಕೇಳಿದ್ದವೇ ಹೊರತು, ಕೂದಲಿನ ಸುದ್ದಿ ಎತ್ತಿರಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಸುಮ್ಮನೆ ನಗುತ್ತಿದ್ದಳು. ಪಕ್ಕದವರು ತಿರುಗಿ ನೋಡಿದರೆ ಬೆಚ್ಚಿ ಮುಖ ಗಂಟಿಕ್ಕುವಳು. ಯಾರು ನೋಡಿದರು ಎಂಬುದು ಅವಳಿಗೆ ಚಿಕ್ಕಂದಿನಿಂದಲೂ ದೊಡ್ಡ ಸಂಗತಿ.

ಓಟಕ್ಕೆ ವಾರವಿರುವಾಗ ಲೀಲಾಧರ ನಗದೆ ಮಾತಾಡಿದ. "ಕಂಪೆನಿಯವ್ರ್ ಕುಂದಾಪ್ರದಲ್ಲಿ ಕಾರ್ ರಿಪೇರಿ ಶೆಡ್ ಹಾಕ್ತ್ರಂಬ್ರ್. ಅವ್ರ ಕಾರನ್ನ ಹಿಂದ್ ಹಾಕಿದ್ ಊರಿನವ್ನಿಗೇ ಕೊಡ್ತ್ರಂಬ್ರ್. ಕಪ್ ಗೆದ್ರೆ ನಾನ್ ಇಲ್ಲೇ ಇರ್ತೆ. ಆಮೇಲೆ ನಿಮ್ ಮಾವನ್ ಎದ್ರ್ ಹೋಯಿ ನಿಂತ್ಕಂತೆ. ಮೀನ್ ಮಾರುವವ್ರ ಮಗ ಅಂದ್ರೂ ಅಡ್ಡಿಲ್ಲೆ, ಬರೀ ಕೈಯಲ್ಲಿ ಬಂದವ ಅಂಬುದ್ ಬ್ಯಾಡ. ನಿಂತ್ಕಂಬ್ಲಕ್ಕಾ?"

ಸಮುದ್ರದ ಸದ್ದಿನಲ್ಲಿ ಅವಳ "ಹ್ಞೂಂ" ಕೇಳಿಸಿತೋ ಇಲ್ಲವೋ. ಅವನ ಕಣ್ಣಿಗಂತೂ ಕೇಳಿಸಿತು.

ಓಟದ ಮುನ್ನಾದಿನ ಮಿಲ್ಲಿನ ಪಡಸಾಲೆಯಲ್ಲಿ ಎಲ್ಲ ಸ್ಪರ್ಧಿಗಳ ಸಭೆ ಸೇರಿತು. ಪ್ರಫುಲ್ಲಾ ಒಂದೊಂದೇ ಕಾರಿನ ತೀರ್ಮಾನ ಹೇಳುತ್ತಾ ಬಂದಳು. ಹೆರಾಲ್ಡಿನ ಪಾಲಿಗೆ ಅವಳ ಲೆಕ್ಕ ನಿಂತದ್ದು ಒಂದು ಚೀಲಕ್ಕೆ. ಎಷ್ಟು ಸಲ ತಾಳೆ ನೋಡಿದರೂ ಒಂದೇ.

ಅವಳು ಹೆರಾಲ್ಡಿನ ಹೆಸರು ಹೇಳುತ್ತಿದ್ದಂತೆ ಕಂಪೆನಿಯ ಮ್ಯಾನೇಜರ್ ಗೋವರ್ಧನ ಎದ್ದು ನಿಂತರು. ಮಂಗಳೂರಿನವರು, ಮೆದು ಮಾತಿನ ಮನುಷ್ಯ.

"ಟೀಚರ ಲೆಕ್ಕದ ಮೇಲೆ ನಮಗೆ ಪೂರ್ತಿ ನಂಬಿಕೆ ಉಂಟು," ಎಂದರು. "ಆದರೆ ಆ ಕಾರಿನ ಲೆಕ್ಕ ಮಾಡುವಾಗ ಮಾತ್ರ ಬೊಂಡ ಕುಡಿಯುತ್ತಾ ಮಾಡಿದ್ದು ಅಂತ ಕೇಳಿದೆ."

ಪಡಸಾಲೆಯಲ್ಲಿ ನಗು ಎದ್ದಿತು. ಪ್ರಫುಲ್ಲಾ ಮಾವನ ಕಡೆ ನೋಡಿದಳು. ಅವರು ನಗುತ್ತಿರಲಿಲ್ಲ. ಎಲೆಅಡಿಕೆ ಜಗಿಯುತ್ತಿದ್ದ ಬಾಯಿ ಹಾಗೇ ನಿಂತಿತ್ತು.

"ಹೆರಾಲ್ಡಿಗೆ," ಎಂದಳು ಪ್ರಫುಲ್ಲಾ. ಕೈಯಲ್ಲಿದ್ದ ಪಟ್ಟಿಯನ್ನು ನೋಡದೆಯೇ ಮಡಚಿದಳು. "ಎರಡು ಚೀಲ."

ಗೋವರ್ಧನ ತೃಪ್ತಿಯಿಂದ ಕೂತರು. ಮಾವನ ಬಾಯಿ ಮತ್ತೆ ಆಡತೊಡಗಿತು. ಗೋಡೆಗೊರಗಿ ನಿಂತಿದ್ದ ಲೀಲಾಧರ ತಲೆಯೆತ್ತಿ ಅವಳನ್ನೇ ನೋಡಿದ. ಕೇಳಲಿ, ಯಾಕೆಂದು ಒಂದು ಮಾತು ಕೇಳಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಕೇಳಿದರೆ ತಪ್ಪಾಯಿತೆಂದು ಹಿಂದೆ ತೆಗೆದುಕೊಳ್ಳಬಹುದಿತ್ತು. ಅವನು ಕೇಳಲಿಲ್ಲ. ತಲೆಯಾಡಿಸಿದನಷ್ಟೆ.

ಭಾನುವಾರ ಶಿರೂರಿನಿಂದ ಸಾಸ್ತಾನದವರೆಗಿನ ಜನ ಮರವಂತೆಯಲ್ಲಿ ನೆರೆದಿದ್ದರು. ತೆಂಗಿನ ಮರ ಹತ್ತಿ ಕೂತವರು, ಹೊಳೆಯಲ್ಲಿ ದೋಣಿ ನಿಲ್ಲಿಸಿ ನೋಡಿದವರು. ಲೀಲಾಧರ ಮತ್ತು ಅವನ ಗೆಳೆಯ ಪಾಂಡು ಸರದಿಯಲ್ಲಿ ಓಡಿಸಿದರು. ಎರಡು ಚೀಲ ಹೊತ್ತ ನೀಲಿ ಕಾರಿನ ಹಿಂಭಾಗ ನೆಲಕ್ಕೆ ಕುಸಿದಿತ್ತು. ಆದರೂ ಪ್ರತಿ ಡ್ರಮ್ಮಿನಲ್ಲಿ ಅದು ಬೆಕ್ಕಿನ ಹಾಗೆ ತಿರುಗಿ ಮುಂದೆ ಹಾರುತ್ತಿತ್ತು. ಅರ್ಧ ಓಟ ಮುಗಿದಾಗ ಕಂಪೆನಿಯ ಮೂರೂ ಕಾರು ಹಿಂದೆ.

ಲೆಕ್ಕದ ಮೇಜಿನ ಹಿಂದೆ ಕೂತ ಪ್ರಫುಲ್ಲಾಳ ಎದೆ ಹಗುರಾಗುತ್ತಾ ಬಂತು. ಗೆಲ್ಲುತ್ತಾನೆ. ಎರಡು ಚೀಲ ಹೊತ್ತೂ ಗೆಲ್ಲುತ್ತಾನೆ. ಆಗ ತಾನು ಮಾಡಿದ್ದು ತಪ್ಪೇ ಆಗುವುದಿಲ್ಲ.

ಐದನೆಯ ಗಂಟೆಯಲ್ಲಿ ಬಿಸಿಲು ಏರಿ ಡಾಂಬರು ಮೆತ್ತಗಾಯಿತು. ಭಾರಕ್ಕೆ ಸವೆದ ಹಿಂದಿನ ಟಯರು ಮೊದಲು ಒಂದು ಸಿಡಿಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಪಾಂಡು ಮತ್ತು ಲೀಲಾಧರ ಮಾತಿಲ್ಲದೆ ಜಾಕ್ ಏರಿಸಿ ಬದಲಿಸಿದರು. ಕಂಪೆನಿಯ ಒಂದು ಕಾರು ದಾಟಿ ಹೋಯಿತು. ಉಳಿದ ಹೊತ್ತೆಲ್ಲ ಲೀಲಾಧರ ಅದರ ಬೆನ್ನು ಹಿಡಿದು ಓಡಿಸಿದ. ಬಾವುಟ ಬಿದ್ದಾಗ ನಡುವೆ ಉಳಿದದ್ದು ಎರಡು ತೆಂಗಿನ ಮರದ ಅಂತರ. ಜನ ಗೆದ್ದವನನ್ನು ಬಿಟ್ಟು ಅವನನ್ನೇ ಹೊತ್ತು ಕುಣಿದರು.

ಗುಂಪು ಕರಗಿದ ಮೇಲೆ ಪ್ರಫುಲ್ಲಾ ಅವನಿದ್ದಲ್ಲಿಗೆ ನಡೆದಳು. ಅವನು ಕಾರಿನಿಂದ ಚೀಲಗಳನ್ನಿಳಿಸಿ ಮರಳನ್ನು ದಂಡೆಗೆ ಸುರಿಯುತ್ತಿದ್ದ.

"ಲೀಲಾಧರ, ಲೆಕ್ಕದಲ್ಲಿ ಇದ್ದದ್ದ್ ಒಂದೇ ಚೀಲ."

"ಗೊತ್ತಿತ್ತ್. ದಿನಾ ಓಡ್ಸಿದವ ನಾನೇ ಅಲ್ದಾ."

"ಗೊತ್ತಿತ್ತಾ? ಮತ್ತೆ ಎಂತಕ್ಕೆ ಸುಮ್ನಿದ್ರಿ?"

"ನಾನ್ ಬಾಯಿ ಬಿಟ್ರೆ ಆ ಗೋವರ್ಧನ ಹೇಳಿದ್ದೇ ನಿಜ ಅಂಬ್ರ್. ನಿಮ್ ಮರ್ಯಾದಿ ಹೋತಿತ್ತ್. ಎರಡ್ ಹೊತ್ಕಂಡೇ ಗೆದ್ರೆ ಯಾರಿಗೂ ಎಂತದೂ ಹೇಳುಕಾತಿಲ್ಲೆ ಅಂದ್ಕಂಡೆ." ಅವನು ಖಾಲಿ ಚೀಲ ಕೊಡವಿದ. "ನಂದೂ ಲೆಕ್ಕ ತಪ್ಪಿತ್."

ಅವಳ ಕಣ್ಣು ತುಂಬಿ ಬಂತು. "ನಂಗ್ ಹೆದ್ರಿಕೆ ಆಯ್ತ್. ನಿಮ್ಮನ್ನ ಇಷ್ಟಪಟ್ಟದ್ದ್ ಎಲ್ಲರಿಗೂ ಕಂಡ್ ಹೋಯ್ತ್ ಅಂದ್ಕಂಡೆ."

ಎಷ್ಟೋ ದಿನದಿಂದ ಕಾದಿದ್ದ ಮಾತು. ಈಗ ಕೇಳಿಸಿದಾಗ ಲೀಲಾಧರನ ಮುಖದಲ್ಲಿ ಸಂತೋಷ ಹುಟ್ಟಿ, ಹುಟ್ಟಿದಲ್ಲೇ ನಿಂತುಹೋಯಿತು.

"ಭಾರ ಹೊರೂದ್ ನಂಗ್ ಕಷ್ಟ ಅಲ್ಲ ಟೀಚರ್ರೇ. ಆದ್ರೆ ನಾಳೆ ಮದ್ವಿ ಆಯಿ ಒಟ್ಟಿಗ್ ಇಪ್ಪು ಹೊತ್ತಿಗೆ, ಯಾರೋ ಒಬ್ರ್ ಎಂತದೋ ಹೇಳ್ತ್ರ್. ಆಗ ಇನ್ನೊಂದ್ ಚೀಲ. ನಾಡ್ದ್ ಮತ್ತೊಬ್ರ್ ಹೇಳ್ತ್ರ್, ಮತ್ತೊಂದ್ ಚೀಲ. ಹೌದಲ್ದಾ?"

ಅಲ್ಲ ಎನ್ನಬೇಕೆಂದಿತ್ತು ಅವಳಿಗೆ. ಆ ಒಂದು ಮಾತು ನಾಲಗೆಗೆ ಬರಲಿಲ್ಲ.

ಅಂದು ಸಂಜೆಯೇ ಗೋವರ್ಧನ ಲೀಲಾಧರನ ಮನೆ ಹುಡುಕಿಕೊಂಡು ಹೋದರು. ರಿಪೇರಿ ಶೆಡ್ಡು ಗೆದ್ದವರಿಗೆ ಮಾತ್ರ. ಆದರೆ ಅಷ್ಟು ಭಾರ ಹೊತ್ತು ಹಾಗೆ ಓಡಿಸುವವನು ತಮ್ಮ ತಂಡದಲ್ಲಿ ಇರಬೇಕು, ಬೊಂಬಾಯಿಗೆ ಬಾ ಎಂದರು. ಅವನು ಒಪ್ಪಿದ. ಬುಧವಾರ ಹೊರಡುವುದೆಂದಾಯಿತು.

ಸುದ್ದಿ ಕೇಳಿದ ಪ್ರಫುಲ್ಲಾ ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಮಿಲ್ಲಿಗೆ ಹೋಗಿ, ಕ್ಲಬ್ಬಿನ ಹಿರಿಯರೆಲ್ಲ ಕೂತಿದ್ದಾಗ ಮಾವನ ಎದುರು ನಿಂತಳು.

"ಮಾವ, ಎರಡನೇ ಚೀಲ ಸುಳ್ಳು. ಜನ ಆಡ್ಕಂಬುಕಾಗ ಅಂದೇಳಿ ನಾನ್ ಹಾಕಿದ್ದ್. ಕಪ್ ಲೀಲಾಧರರದ್ದ್."

ಉಮಾನಾಥ ಹೆಗ್ಡೆಯವರು ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದು ಕೂತರು. "ಕೊಟ್ಟ್ ಆದ್ ಕಪ್ ವಾಪಾಸ್ ಕೇಂಬುಕಾತಿಲ್ಲೆ ಹೆಣೆ," ಎಂದರು ಕೊನೆಗೆ. ಆಮೇಲೆ ಧ್ವನಿ ತಗ್ಗಿಸಿ, "ಈ ಮಾತ್ ಸಭೆಯಲ್ಲೇ ಹೇಳಿರೆ ನಾನ್ ನಿನ್ ಬದಿಗೇ ನಿಲ್ತಿದ್ದೆ," ಎಂದರು.

ಅವಳಿಗೆ ಬಡಿದದ್ದು ಆ ಮಾತು. ಯಾರ ಮುಖ ನೋಡಿ ಹೆದರಿದ್ದಳೋ, ಆ ಮುಖದ ಹಿಂದೆ ಏನಿತ್ತೆಂದು ಅವಳು ಕೇಳಿಯೇ ಇರಲಿಲ್ಲ.

ಮಿಲ್ಲಿನ ಲಾರಿ ಹತ್ತಿ ಬಂದು ಕುಂದಾಪುರದ ಪೇಟೆಯಲ್ಲಿಳಿದು, ಬಸ್ ಸ್ಟ್ಯಾಂಡಿಗೆ ಅವಳು ಓಡುತ್ತಲೇ ಬಂದಳು. ಬೊಂಬಾಯಿಯ ರೈಲಿಗೆ ಸೇರಿಸುವ ಹುಬ್ಬಳ್ಳಿಯ ಬಸ್ಸು ಹೊರಡಲು ನಿಂತಿತ್ತು. ಹೆರಾಲ್ಡನ್ನು ಪಾಂಡುವಿಗೆ ಒಪ್ಪಿಸಿ ಬಂದ ಲೀಲಾಧರ ಟ್ರಂಕು ಮೇಲೇರಿಸಿ ಕೆಳಗೆ ನಿಂತಿದ್ದ.

"ಹೇಳ್ದೆ," ಎಂದಳು ಏದುಸಿರು ಬಿಡುತ್ತಾ. "ಎಲ್ಲರ ಎದ್ರ್, ಮಾವನ್ ಎದ್ರ್ ಹೇಳ್ದೆ."

ಅವನ ಕಣ್ಣಲ್ಲಿ ಹಳೆಯ ತುಂಟತನ ಒಮ್ಮೆ ಮಿಂಚಿತು. ಒಂದು ಹೆಜ್ಜೆ ಹತ್ತಿರ ಬಂದ. "ಹಾಂಗಾರೆ ನನ್ನೊಟ್ಟಿಗ್ ಬತ್ರಿಯಾ? ಈಗ್ಳೇ, ಹೀಂಗೇ?"

ಹೇಳಲು ಅವಳ ತುಟಿ ತೆರೆದಿತ್ತು. ಮಾತು ನಾಲಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅವಳ ಕಣ್ಣು, ಅವಳನ್ನು ಕೇಳದೆಯೇ, ಒಮ್ಮೆ ಸುತ್ತ ಹೊರಳಿತು. ಎದುರಿನ ಹೋಟೆಲಿನ ಜಗಲಿ, ಅಲ್ಲಿ ಚಾ ಕುಡಿಯುತ್ತಿದ್ದ ಪರಿಚಯದವರು, ಛತ್ರಿ ಹಿಡಿದು ಬರುತ್ತಿದ್ದ ಶಾಲೆಯ ಹೆಡ್‌ಮಾಸ್ಟರು.

ಒಂದೇ ಕ್ಷಣ. ಅವಳು ತಿರುಗಿದಾಗ ಲೀಲಾಧರ ಬಸ್ಸಿನ ಮೆಟ್ಟಿಲ ಮೇಲಿದ್ದ. ಕೋಪವಿರಲಿಲ್ಲ. ಚಳಿಗೆ ನಡುಗುವವರಿಗೆ ಹೊದಿಕೆ ಹೊದೆಸುವಂಥ ಒಂದು ನೋಟ.

"ಆಯ್ತ್ ಟೀಚರ್ರೇ," ಎಂದ. "ಬತ್ತೆ."

ಊರು ಬಿಡುವವರೆಲ್ಲ ಹೋಗುತ್ತೇನೆ ಎನ್ನದೆ ಬರುತ್ತೇನೆ ಎಂದೇ ಹೇಳುವುದು. ಕಂಡಕ್ಟರ್ ಸೀಟಿ ಊದಿದ. ಬಸ್ಸು ತಿರುವಿನಲ್ಲಿ ಮರೆಯಾಗಿ, ಎದ್ದ ಧೂಳು ಕೂರುವವರೆಗೂ ಪ್ರಫುಲ್ಲಾ ಅಲ್ಲೇ ನಿಂತಿದ್ದಳು. ಹೋಟೆಲಿನ ಜಗಲಿಯವರು ನೋಡುತ್ತಿದ್ದರು. ಹೆಡ್‌ಮಾಸ್ಟರು ನೋಡುತ್ತಿದ್ದರು. ಈಗ ಅವಳು ಯಾರ ಕಡೆಗೂ ನೋಡಲಿಲ್ಲ.

"ಬತ್ತೆ," ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಖಾಲಿ ರಸ್ತೆಗೆ.